ಪಕ್ಕದಲ್ಲಿ ಒಂದು ಸುತ್ತು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಸಾಧಾರಣ ಮನುಷ್ಯನೊಬ್ಬ ತನ್ನ ಸರದಿಯಲ್ಲಿ 30 ಅಡಿ ನಡೆಯಬಹುದು. ನಕ್ಷೆಯ ಮೇಲೆ ಒಂದು ಚೌಕಕ್ಕೆ 5 ಅಡಿ, ಅಂದರೆ 6 ಚೌಕ. ಎಲ್ಲರ ಸರದಿ ಮುಗಿದು ಒಂದು ಸುತ್ತು ಆಗುವುದಕ್ಕೆ ಆಟದೊಳಗೆ 6 ಸೆಕೆಂಡು ಸಾಕು. ಮೇಜಿನ ಸುತ್ತ ಕೂತವರಿಗೆ ಅರ್ಧ ಗಂಟೆಯೂ ಹಿಡಿಯುತ್ತದೆ. ಆ ಅರ್ಧ ಗಂಟೆ ನಾವು ಮಾತಾಡುತ್ತಿದ್ದುದು ಬಹುಪಾಲು ಒಂದೇ ವಿಷಯ: ಯಾರು ಎಲ್ಲಿ ನಿಲ್ಲಬೇಕು, ಅಲ್ಲಿಗೆ ಹೇಗೆ ಮುಟ್ಟಬೇಕು, ಮುಟ್ಟಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ. ಹೊಸದಾಗಿ ಆಡುವವರಿಗೆ ಬೆಂಕಿಯುಂಡೆ ಎಸೆಯುವ ಮಂತ್ರದ ಮೇಲೆ ಆಸೆ. ವರ್ಷಗಟ್ಟಲೆ ಆಡಿದವರ ಚರ್ಚೆ, ಜಗಳ, ಮೌನ ಎಲ್ಲವೂ ಚಲನೆಯ ಮಂತ್ರಗಳ ಸುತ್ತಲೇ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ತಲಾ ಒಂದೊಂದು ಪಾತ್ರ ವಹಿಸಿ, ತಾವೇನು ಮಾಡುತ್ತೇವೆಂದು ಬಾಯಿಯಲ್ಲಿ ಹೇಳುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದರು. ಅದಕ್ಕೂ ಹಿಂದೆ, 1971ರಲ್ಲಿ, ಗೈಗ್ಯಾಕ್ಸ್ ಸೇರಿ ಬರೆದ 'ಚೈನ್‌ಮೇಲ್' ಎಂಬ ಯುದ್ಧದಾಟವಿತ್ತು. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಇಟ್ಟು, ಅಳತೆಪಟ್ಟಿ ಹಿಡಿದು ಇಂಚಿನ ಲೆಕ್ಕದಲ್ಲಿ ಮುಂದೆ ಸರಿಸುವ ಆಟ ಅದು. ಆದ್ದರಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹುಟ್ಟಿನಲ್ಲೇ ಅಳತೆ ಇದೆ. ಎಷ್ಟೇ ಕಥೆ ಹೇಳಿ, ಕಾಳಗ ಶುರುವಾದ ಕೂಡಲೇ 'ಎಷ್ಟು ದೂರ?' ಎಂಬ ಪ್ರಶ್ನೆ ಎದ್ದೇ ಏಳುತ್ತದೆ.

ನಾವು ಆಡಲು ಕಲಿತದ್ದು ಮಾಟುಂಗಾದಲ್ಲಿ, ಫೈವ್ ಗಾರ್ಡನ್ಸ್ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ. ಗೆಳೆಯನ ಅಜ್ಜಿಯ ಮನೆ. ಊರು ಉಡುಪಿ ಕಡೆ. ಅಜ್ಜ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿದು ಬಾಡಿಗೆಗೆ ಹಿಡಿದ ಮನೆ ಅದು. ನಡುಮನೆಗೆ ಹಳೆಯ ಕಾಲದ ಸಿಮೆಂಟ್ ಟೈಲ್ಸ್, ಬೂದು ಮತ್ತು ಕೆಂಪು, ಒಂದು ಬಿಟ್ಟು ಒಂದು. ನಮಗೆ ನಕ್ಷೆ ಬೇಕಾಗಲೇ ಇಲ್ಲ. ಒಂದು ಟೈಲ್ 5 ಅಡಿ ಎಂದುಕೊಂಡರೆ ಬಾಗಿಲಿನಿಂದ ಅಜ್ಜಿಯ ಮಂಚದವರೆಗೆ ದೊಡ್ಡದೊಂದು ಬಯಲೇ ಸಿಗುತ್ತಿತ್ತು. ರಾಕ್ಷಸರಿಗೆ ಕೇರಂನ ಕಪ್ಪು ಕಾಯಿ, ನಮಗೆ ಚೆನ್ನೆಮಣೆಯ ಕೆಂಪು ಬೀಜ. 20 ಮುಖದ ದಾಳ ಆಗ ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ. ಮನೆಯ ಹೌಸಿ ಡಬ್ಬಿಯಿಂದ 1ರಿಂದ 20ರವರೆಗಿನ ಕಾಯಿಗಳನ್ನು ಆರಿಸಿ ಒಂದು ಬಟ್ಟೆಚೀಲಕ್ಕೆ ಹಾಕಿಕೊಂಡಿದ್ದೆವು. ಕೈ ಹಾಕಿ ಒಂದು ತೆಗೆಯಬೇಕು, ನೋಡಬೇಕು, ಮತ್ತೆ ಹಾಕಿ ಚೆನ್ನಾಗಿ ಕುಲುಕಬೇಕು. ಅಜ್ಜಿ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತ, "ಇವತ್ತು ಯಾರು ಬಿದ್ದದ್ದು ಮಕ್ಕಳೇ?" ಎಂದು ಕೇಳುತ್ತಿದ್ದರು. ಬಿದ್ದವನ ಪಾತ್ರದ ಹೆಸರು ಹೇಳಿದರೆ ಅವನಿಗೆ ಮೊದಲು ಚಹಾ.

ಪುಸ್ತಕ ಸಿಕ್ಕಿದ್ದು ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ. ಇಂಜಿನಿಯರಿಂಗ್ ಗೈಡುಗಳ ನಡುವೆ 1989ರ ಎರಡನೇ ಆವೃತ್ತಿಯ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಇತ್ತು. ರಟ್ಟು ಕಿತ್ತುಹೋಗಿತ್ತು, ಆದರೆ ಮಂತ್ರಗಳ ಭಾಗಕ್ಕೆ ಏನೂ ಆಗಿರಲಿಲ್ಲ. ಹೇಸ್ಟ್ ಎಂಬ ಮಂತ್ರವನ್ನು ನಾನು ಮೊದಲು ಓದಿದ್ದು ಅದರಲ್ಲಿ. ಆ ಮಂತ್ರ ಬಿದ್ದವನ ಓಟವೂ ಹೊಡೆತವೂ ಇಮ್ಮಡಿಯಾಗುತ್ತವೆ. ಜೊತೆಗೆ ಅವನಿಗೆ ಒಂದು ವರ್ಷ ವಯಸ್ಸಾಗುತ್ತದೆ. ಆ ಸಾಲನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವೇಗಕ್ಕೆ ಬೆಲೆ ಇದೆ, ಆ ಬೆಲೆಯನ್ನು ಮಂತ್ರ ಹಾಕಿದವನಲ್ಲ, ಹಾಕಿಸಿಕೊಂಡವನು ತೆರುತ್ತಾನೆ ಎಂಬುದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಮುಂದಿನ ಆವೃತ್ತಿಗಳಲ್ಲಿ ವಯಸ್ಸಿನ ಮಾತು ಹೋಯಿತು, ಬೆಲೆ ಮಾತ್ರ ಬೇರೆ ಬೇರೆ ರೂಪದಲ್ಲಿ ಉಳಿಯಿತು.

ಕಥೆ ನಡೆಸುತ್ತಿದ್ದವನು ಗೆಳೆಯನ ದೊಡ್ಡಪ್ಪನ ಮಗ. ಬ್ಯಾಂಕಿನಲ್ಲಿ ಕೆಲಸ, ನಮಗೆಲ್ಲ ಅಣ್ಣ. 2000ದಲ್ಲಿ ಮೂರನೇ ಆವೃತ್ತಿ ಬಂದಾಗ ಪ್ರಕಾಶಕರು ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟುಕೊಟ್ಟಿದ್ದರು. ಮುಂಬಯಿಯಲ್ಲಿ ಕೂತ ನಮಗೆ ಅದು ವರವಾಯಿತು. ಅಣ್ಣ ಸೈಬರ್ ಕೆಫೆಯಲ್ಲಿ ಕೂತು ಅಧ್ಯಾಯ ಅಧ್ಯಾಯವೇ ಪ್ರಿಂಟ್ ತೆಗೆಸಿ, ದಾರದಲ್ಲಿ ಹೊಲಿದು ತಂದಿದ್ದ. ಮಂತ್ರದ ಅಧ್ಯಾಯದ ಅಂಚುಗಳಲ್ಲಿ ಅವನ ಪೆನ್ಸಿಲ್ ಗುರುತುಗಳು ತುಂಬಿದ್ದವು.

ಆ ನಿಯಮಗಳನ್ನು 2003ರಲ್ಲಿ ಪರಿಷ್ಕರಿಸಿದ ಮೇಲೆ ಚಲನೆಯ ಮಂತ್ರಗಳಿಗೆ ಕಟ್ಟುನಿಟ್ಟಾದ ಲೆಕ್ಕ ಬಂತು. ಹೇಸ್ಟ್ ಹಾಕಿದರೆ ವೇಗ 30 ಅಡಿ ಹೆಚ್ಚು. ಎಕ್ಸ್‌ಪೆಡಿಶಸ್ ರಿಟ್ರೀಟ್ ಹಾಕಿದರೂ 30 ಅಡಿ ಹೆಚ್ಚು. ಲಾಂಗ್‌ಸ್ಟ್ರೈಡರ್‌ಗೆ 10 ಅಡಿ. ಮೂರನ್ನೂ ಒಬ್ಬನ ಮೇಲೆ ಹಾಕಿದರೆ 70 ಅಡಿ ಹೆಚ್ಚಬೇಕಲ್ಲ? ಇಲ್ಲ. ಮೂರೂ ಒಂದೇ ಜಾತಿಯ ಹೆಚ್ಚಳ, ಒಂದೇ ಜಾತಿಯವು ಕೂಡುವುದಿಲ್ಲ, ದೊಡ್ಡದೊಂದೇ ಲೆಕ್ಕಕ್ಕೆ ಬರುತ್ತದೆ. ಮೂರು ಮಂತ್ರ ಖರ್ಚಾದರೂ ಸಿಗುವುದು 30 ಅಡಿ. ಡೈಮೆನ್ಶನ್ ಡೋರ್ ಎಂಬ ಮಂತ್ರದಲ್ಲಿ ನೂರಾರು ಅಡಿ ದೂರಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬಹುದಿತ್ತು. ಹೋದವನು ತನ್ನ ಮುಂದಿನ ಸರದಿಯವರೆಗೆ ಮತ್ತೇನೂ ಮಾಡುವ ಹಾಗಿರಲಿಲ್ಲ. ಶತ್ರುವಿನ ಕೈಗೆಟುಕುವಲ್ಲಿ ನಿಂತು ಮಂತ್ರ ಹೇಳಿದರೆ, ಅವನಿಗೆ ಪುಕ್ಕಟೆಯಾಗಿ ಒಂದು ಪೆಟ್ಟು ಹೊಡೆಯುವ ಹಕ್ಕು ಬೇರೆ.

ಪಕ್ಕದಿಂದ ಎದ್ದು ಹೋಗುವವನಿಗೂ ಆ ಪುಕ್ಕಟೆ ಪೆಟ್ಟು ಬೀಳುತ್ತದೆ. ಅಣ್ಣ ಅದನ್ನು ವಿವರಿಸಿದ ಬಗೆ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಟೈಲ್ಸಿನ ಮೇಲೆ ಕಪ್ಪು ಕಾಯಿ ಇಟ್ಟು, ಅದರ ಸುತ್ತಲಿನ ಎಂಟು ಟೈಲ್ಸನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇದು ಇವನ ಅಂಗಳ. ಇದರಿಂದ ಹೊರಗೆ ಹೋಗುವವನನ್ನು ಇವನು ಹೊಡೆಯಬಹುದು. ಆದರೆ ಹೋಗುವುದು ಯಾರ ಬಲದಿಂದ ಅಂತ ನೋಡಬೇಕು." ಅವನು ಮೂರು ಬಗೆ ಹೇಳಿದ. ತನ್ನ ಕಾಲಿನಿಂದ ನಡೆದು ಹೋದರೆ ಬೆನ್ನು ಕಾಣುತ್ತದೆ, ಪೆಟ್ಟು ಬೀಳುತ್ತದೆ. ಇನ್ನೊಬ್ಬರು ನೂಕಿದರೆ ನಮ್ಮ ಮೇಜಿನಲ್ಲಿ ಪೆಟ್ಟಿಲ್ಲ. ನಡುವಿನ ದಾರಿಯನ್ನೇ ತುಳಿಯದೆ ಇಲ್ಲಿ ಮಾಯವಾಗಿ ಅಲ್ಲಿ ಕಂಡರೆ ಅದಕ್ಕೂ ಪೆಟ್ಟಿಲ್ಲ.

ಕಾಗದದ ಮೇಲೆ ಇದು ಒಣ ನಿಯಮ. ಆಡಲು ಕೂತಾಗ ಮಾತ್ರ ಒಂದು ಮಂತ್ರ ಇನ್ನೊಂದರ ಕೈ ಹಿಡಿಯುವುದು ಕಾಣುತ್ತದೆ. 2014ರ ಐದನೇ ಆವೃತ್ತಿಯಿಂದಲೇ ಉದಾಹರಣೆ ಕೊಡುತ್ತೇನೆ, ಈಗ ಆಡುವವರಲ್ಲಿ ಬಹಳ ಮಂದಿಗೆ ಅದು ಪರಿಚಿತ. ಥಂಡರ್‌ವೇವ್ ಎಂಬ ಮಂತ್ರ ಗುಡುಗಿನ ಅಲೆಯಿಂದ ಶತ್ರುವನ್ನು 10 ಅಡಿ ಹಿಂದಕ್ಕೆ ತಳ್ಳುತ್ತದೆ. ಅವನು ನಮ್ಮವರ ಪಕ್ಕದಿಂದಲೇ ಹಾರಿಹೋದರೂ ನಮ್ಮವರಿಗೆ ಹೊಡೆಯುವ ಅವಕಾಶವಿಲ್ಲ, ಏಕೆಂದರೆ ಅವನು ನೂಕಲ್ಪಟ್ಟವನು. ಡಿಸೊನೆಂಟ್ ವಿಸ್ಪರ್ಸ್ ಎಂಬ ಇನ್ನೊಂದು ಮಂತ್ರ ಕಿವಿಯಲ್ಲಿ ಭಯಂಕರ ಪಿಸುಮಾತು ಊದಿ ಶತ್ರುವನ್ನು ಓಡಿಸುತ್ತದೆ. ಅವನು ಓಡುವುದು ತನ್ನ ಕಾಲಿನಿಂದ, ತನ್ನ ಪ್ರತಿಕ್ರಿಯೆಯನ್ನು ಖರ್ಚು ಮಾಡಿ. ಆದ್ದರಿಂದ ದಾರಿಯಲ್ಲಿ ನಿಂತ ನಮ್ಮವರೆಲ್ಲ ಅವನಿಗೆ ಒಂದೊಂದು ಬಾರಿಸಬಹುದು. ಇನ್ನು ಸ್ಪೈಕ್ ಗ್ರೋತ್ ಎಂಬ ಮಂತ್ರದಿಂದ ನೆಲದಲ್ಲಿ ಮುಳ್ಳು ಎಬ್ಬಿಸಿಟ್ಟರೆ, ಅದರೊಳಗೆ ಚಲಿಸಿದ ಪ್ರತಿ 5 ಅಡಿಗೂ ಗಾಯ. ಅದು ನೂಕಿದ್ದೋ ನಡೆದದ್ದೋ ಎಂದು ಮುಳ್ಳು ಕೇಳುವುದಿಲ್ಲ. ಹಾಗಾಗಿ ಗುಡುಗಿನಿಂದ ತಳ್ಳುವವಳೂ ಮುಳ್ಳು ಎಬ್ಬಿಸುವವನೂ ಮೊದಲೇ ಮಾತಾಡಿಕೊಂಡರೆ ಎರಡು ಸಣ್ಣ ಮಂತ್ರ ಸೇರಿ ಒಂದು ದೊಡ್ಡ ಕೆಲಸವಾಗುತ್ತದೆ. ಬೆಳಗ್ಗೆ ಡೊಂಬಿವಿಲಿಯ ಫಾಸ್ಟ್ ಲೋಕಲಿನಲ್ಲಿ ಬಂದು ದಾದರಿನಲ್ಲಿ ಇಳಿದವರಿಗೆ ನಡೆಯುವುದಕ್ಕೂ ನೂಕಲ್ಪಡುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗುಂಪಿನ ಡೊಂಬಿವಿಲಿಯವನು ಈ ಅಧ್ಯಾಯವನ್ನು ಒಂದೇ ಓದಿಗೆ ಅರಗಿಸಿಕೊಂಡ.

ಅವನ ಪಾತ್ರದ ಹೆಸರು ಚೆನ್ನಯ. ತುಳುನಾಡಿನ ಗರಡಿಯ ವೀರನ ಹೆಸರನ್ನು ತನ್ನ ಯೋಧನಿಗೆ ಇಟ್ಟುಕೊಂಡಿದ್ದ. ಆವೃತ್ತಿ ಬದಲಾದರೂ, ಅಜ್ಜಿ ತೀರಿಕೊಂಡು ಆ ಮನೆ ಕೈಬಿಟ್ಟು ನಾವು ಮುಲುಂಡಿನ ಅಣ್ಣನ ಫ್ಲಾಟಿಗೆ ಬಂದರೂ, ಅವನು ಚೆನ್ನಯನನ್ನು ಬಿಡಲಿಲ್ಲ. ನಾನು ಮಂತ್ರವಾದಿ. ಮಾಟುಂಗಾದ ಗೆಳತಿಯೊಬ್ಬಳು ದೇವರ ಬಲದಿಂದ ಗಾಯ ವಾಸಿ ಮಾಡುವ ಪೂಜಾರಿಣಿ. ಇನ್ನಿಬ್ಬರು ಬರುತ್ತ ಹೋಗುತ್ತ ಇರುತ್ತಿದ್ದರು.

ಮಂತ್ರವಾದಿಯಾಗಿ ನಾನು ಮೊದಮೊದಲು ಚಲನೆಯ ಮಂತ್ರ ಕಲಿತದ್ದು ತಪ್ಪಿಸಿಕೊಳ್ಳುವುದಕ್ಕೆ. ಆ ಪಾತ್ರಕ್ಕೆ ರಕ್ಷಾಕವಚವಿಲ್ಲ, ಮೈಯಲ್ಲಿ ಕಸುವಿಲ್ಲ. ಹತ್ತಿರ ಬಂದವನಿಂದ ದೂರ ಹೋಗುವುದೇ ಅವನ ರಕ್ಷಣೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಐದನೇ ಆವೃತ್ತಿಯ ಮಿಸ್ಟಿ ಸ್ಟೆಪ್ ಅದಕ್ಕೆಂದೇ ಮಾಡಿಸಿದ ಮಂತ್ರ. ಬಾಯಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ಕಣ್ಣಿಗೆ ಕಾಣುವ ಖಾಲಿ ಜಾಗಕ್ಕೆ 30 ಅಡಿ ಮಾಯವಾಗಿ ಹೋಗಬಹುದು. ಸರದಿಯ ಮುಖ್ಯ ಕ್ರಿಯೆ ಖರ್ಚಾಗುವುದಿಲ್ಲ, ಅದರ ಜೊತೆಗಿನ ಸಣ್ಣ ಬೋನಸ್ ಕ್ರಿಯೆ ಸಾಕು. ಶತ್ರುವಿನ ಅಂಗಳದಿಂದ ಹೊರಟರೂ ಪೆಟ್ಟಿಲ್ಲ. ಇದೇ ಆವೃತ್ತಿಯ ಡೈಮೆನ್ಶನ್ ಡೋರ್ ಇನ್ನೂ ದೊಡ್ಡದು: 500 ಅಡಿ. ಜೊತೆಗೆ, 5 ಅಡಿಯೊಳಗೆ ಇರುವ, ಬರಲು ಒಪ್ಪಿದ ಒಬ್ಬನನ್ನು ಕರೆದುಕೊಂಡು ಹೋಗಬಹುದು.

ಓದಿದವರಿಗೆಲ್ಲ ಹೊಳೆಯುವ ಉಪಾಯ ಒಂದಿದೆ. ಅಪಾಯದಲ್ಲಿ ಸಿಕ್ಕಿಬಿದ್ದ ಗೆಳೆಯನ ಪಕ್ಕಕ್ಕೆ ಮಿಸ್ಟಿ ಸ್ಟೆಪ್‌ನಿಂದ ಹೋಗುವುದು, ಅದೇ ಸರದಿಯಲ್ಲಿ ಡೈಮೆನ್ಶನ್ ಡೋರ್ ಹಾಕಿ ಅವನನ್ನು ಎತ್ತಿಕೊಂಡು ಪಾರಾಗುವುದು. ಎಷ್ಟು ಚಂದ! ಆದರೆ 2014ರ ನಿಯಮ ಅದಕ್ಕೆ ಒಪ್ಪುವುದಿಲ್ಲ. ಬೋನಸ್ ಕ್ರಿಯೆಯಲ್ಲಿ ಒಂದು ಮಂತ್ರ ಹಾಕಿದವನು ಅದೇ ಸರದಿಯಲ್ಲಿ ಇನ್ನೇನಿದ್ದರೂ ಖರ್ಚಿಲ್ಲದ ಚಿಲ್ಲರೆ ಮಂತ್ರವನ್ನಷ್ಟೇ ಹಾಕಬಹುದು. ಈ ನಿಯಮವನ್ನು ಬೈಯದ ಆಟಗಾರನನ್ನು ನಾನು ನೋಡಿಲ್ಲ. ಅನೇಕ ಮೇಜುಗಳಲ್ಲಿ ಇದನ್ನು ಕೈಬಿಟ್ಟೇ ಆಡುತ್ತಾರೆ. ಈ ಆವೃತ್ತಿಯ ಅತ್ಯುತ್ತಮ ನಿಯಮ ಇದೇ ಎಂಬುದು ನನ್ನ ಅಭಿಪ್ರಾಯ, ಮತ್ತು ಆ ಅಭಿಪ್ರಾಯ ಹುಟ್ಟಿದ್ದು 2020ರಲ್ಲಿ.

ಆ ವರ್ಷ ಮಾರ್ಚ್ 22ರ ರಾತ್ರಿಯಿಂದ ಮುಂಬಯಿಯ ಲೋಕಲ್ ನಿಂತಿತು. ಜೂನ್ ನಡುವಿನಲ್ಲಿ ಅಗತ್ಯ ಸೇವೆಯವರಿಗೆಂದು ಕೆಲವು ಗಾಡಿ ಬಿಟ್ಟರು. ನಮ್ಮಂಥ ಸಾಮಾನ್ಯರಿಗೆ ಹತ್ತಲು ಬಿಟ್ಟದ್ದು 2021ರ ಫೆಬ್ರವರಿ 1ರಂದು, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ. ಮುಲುಂಡ್, ಮಾಟುಂಗಾ, ಡೊಂಬಿವಿಲಿ ಮೂರೂ ಒಂದೇ ಸೆಂಟ್ರಲ್ ಲೈನಿನ ಮೇಲಿವೆ, ಆದರೆ ಒಬ್ಬರ ಮನೆಗೊಬ್ಬರು ಹೋಗುವ ದಾರಿ ಮುಚ್ಚಿತ್ತು. ಅಣ್ಣ ಆಟವನ್ನು ಕಂಪ್ಯೂಟರಿಗೆ ತಂದ. ನಕ್ಷೆ ರೋಲ್ 20 ಎಂಬಲ್ಲಿ, ಮಾತು ವಿಡಿಯೊ ಕರೆಯಲ್ಲಿ. ಚೌಕಗಳು ಪರದೆಯ ಮೇಲೆ ಸಣ್ಣ ಸಣ್ಣ ಗೆರೆಗಳಾದವು. ಮನೆಯ ಹೊರಗೆ ಕಾಲಿಡದ ನಾವು ರಾತ್ರಿ ಹೊತ್ತು ಯಾವ ಮಂತ್ರದಿಂದ ಎಷ್ಟು ಅಡಿ ಹೋಗಬಹುದೆಂದು ಎಂದೂ ಇಲ್ಲದಷ್ಟು ಗಂಭೀರವಾಗಿ ವಾದ ಮಾಡುತ್ತಿದ್ದೆವು.

ಮಳೆಗಾಲದಲ್ಲಿ ಡೊಂಬಿವಿಲಿಯವನಿಗೆ ಕೋವಿಡ್ ಬಂತು. ಅವನ ಕಟ್ಟಡದ ಗೇಟಿಗೆ ಬಿದಿರು ಕಟ್ಟಿದರು. ಹೆಂಡತಿ ಮಗುವನ್ನು ಒಂದು ಕೋಣೆಯಲ್ಲಿ ಬಿಟ್ಟು ತಾನು ಇನ್ನೊಂದರಲ್ಲಿ ಬಾಗಿಲು ಹಾಕಿಕೊಂಡ. ಊಟದ ತಟ್ಟೆ ಬಾಗಿಲ ಹೊರಗೆ. ಅಣ್ಣ ಆಟ ನಿಲ್ಲಿಸೋಣ ಎಂದ. ಅವನೇ ಬೇಡವೆಂದ, ಫೋನಿನಿಂದಲೇ ಆಡುತ್ತೇನೆಂದು ಹಟ ಹಿಡಿದ. ಮಾತಾಡಿದರೆ ಕೆಮ್ಮು ಬರುತ್ತದೆಂದು ಕ್ಯಾಮೆರಾ, ಮೈಕು ಎರಡನ್ನೂ ಆರಿಸಿ ಬರೆದು ಕಳಿಸುತ್ತಿದ್ದ.

ಆ ರಾತ್ರಿಯ ಕಾಳಗ ನಡೆದದ್ದು ನದಿಯ ದಂಡೆಯ ಇಕ್ಕಟ್ಟಾದ ದಾರಿಯಲ್ಲಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ತುಂಬಿ ಹರಿಯುವ ನೀರು. ನಾನು ಬೆಳಗಿನಿಂದಲೇ ಮಂತ್ರಗಳನ್ನು ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಚೆನ್ನಯನ ಮೇಲೆ ಲಾಂಗ್‌ಸ್ಟ್ರೈಡರ್ ಹಾಕಿದೆ: 30 ಅಡಿಯ ವೇಗ 40 ಆಯಿತು, ಒಂದು ಗಂಟೆಯವರೆಗೆ. ಕಾಳಗ ಶುರುವಾಗುತ್ತಲೇ ಹೇಸ್ಟ್ ಹಾಕಿದೆ: 40 ಇಮ್ಮಡಿಸಿ 80. ಮೂರನೇ ಆವೃತ್ತಿಯಲ್ಲಿ ಕೂಡದಿದ್ದವು ಐದನೆಯದರಲ್ಲಿ ಹೀಗೆ ಕೂಡುತ್ತವೆ, ಮೊದಲು ಸೇರಿಸಿ ಆಮೇಲೆ ಇಮ್ಮಡಿಸಬೇಕು. ಅದಕ್ಕೂ ಬೆಲೆ ಇದೆ. ಹೇಸ್ಟ್ ನಡೆಯುವಷ್ಟು ಹೊತ್ತು ನಾನು ಮನಸ್ಸನ್ನು ಅದರ ಮೇಲೇ ನೆಟ್ಟಿರಬೇಕು. ನನಗೆ ಪೆಟ್ಟು ಬಿದ್ದು ಏಕಾಗ್ರತೆ ಮುರಿದರೆ ಮಂತ್ರ ಕಳಚುತ್ತದೆ, ಆಗ ಚೆನ್ನಯನಿಗೆ ಒಂದು ಸರದಿ ಪೂರ್ತಿ ಕೈಕಾಲು ಆಡುವುದಿಲ್ಲ.

ಚೆನ್ನಯ ಓಡಿದ. ದಾರಿಯ ತುದಿಯಲ್ಲಿ ಬಿಲ್ಲು ಹಿಡಿದಿದ್ದವರನ್ನು ಕೆಡವಿದ. ನಮಗೂ ಅವನಿಗೂ ನಡುವೆ, ಬಂಡೆಯ ಸಂದಿಯಿಂದ ಓಗರ್ ಎಂಬ ರಾಕ್ಷಸನೊಬ್ಬ ಎದ್ದು ದಾರಿಗೆ ಅಡ್ಡ ನಿಂತ. ಅದೇ ಹೊತ್ತಿಗೆ ನೀರಿನಿಂದ ದೈತ್ಯ ಹೆಬ್ಬಾವು ಬಂದು ಚೆನ್ನಯನನ್ನು ಸುತ್ತಿಕೊಂಡಿತು. ಗೆಳತಿ ಮೆಲ್ಲಗೆ ಹೇಳಿದಳು: "ಅಭಿಮನ್ಯು ಒಳಗೆ ಹೋದ, ಸೈಂಧವ ಬಾಗಿಲಲ್ಲಿ ನಿಂತ." ಯಕ್ಷಗಾನ ನೋಡಿ ಬೆಳೆದ ನಮಗೆ ಯಾರಿಗೂ ಅದರ ಅರ್ಥ ಹೇಳಬೇಕಾಗಿರಲಿಲ್ಲ.

ಹಿಡಿತಕ್ಕೆ ಸಿಕ್ಕವನ ವೇಗ ಸೊನ್ನೆ. 80 ಅಡಿಯವನೂ ಸೊನ್ನೆ, ಏಕೆಂದರೆ ಸೊನ್ನೆಯನ್ನು ಇಮ್ಮಡಿಸಿದರೆ ಸೊನ್ನೆಯೇ. ಹೇಸ್ಟ್ ಕೊಡುವ ಹೆಚ್ಚುವರಿ ಕ್ರಿಯೆಯಲ್ಲಿ ಹೊಡೆಯಬಹುದು, ಓಡಬಹುದು, ಅಡಗಬಹುದು. ಬಿಡಿಸಿಕೊಳ್ಳಲು ಕೊಸರಾಡುವುದು ಆ ಪಟ್ಟಿಯಲ್ಲಿಲ್ಲ. ಗೆಳತಿಯ ಬಳಿ ಫ್ರೀಡಮ್ ಆಫ್ ಮೂವ್‌ಮೆಂಟ್ ಎಂಬ ಮಂತ್ರ ಇದ್ದಿದ್ದರೆ, ಅದು ತಗುಲಿದವನು 5 ಅಡಿಯ ನಡಿಗೆಯನ್ನು ಕೊಟ್ಟು ಮಾಯೆಯದಲ್ಲದ ಯಾವ ಹಿಡಿತದಿಂದಲೂ ಜಾರಿಕೊಳ್ಳಬಹುದಿತ್ತು. ಆ ದಿನದ ಮಂತ್ರಗಳಲ್ಲಿ ಅವಳು ಅದನ್ನು ಸಿದ್ಧಮಾಡಿಕೊಂಡಿರಲಿಲ್ಲ. ಇದ್ದರೂ ಮುಟ್ಟಿಯೇ ಹಾಕಬೇಕಿತ್ತು.

ಚೆನ್ನಯನ ಪಕ್ಕದ ಚೌಕಕ್ಕೆ ನನ್ನಿಂದ 45 ಅಡಿ. ಪರದೆಯ ಮೇಲೆ ಡೊಂಬಿವಿಲಿಯಿಂದ ಒಂದು ಸಾಲು ಬಂತು: "ಬಿಡಿ ಮಾರಾಯರೇ. ನೀವಿಬ್ಬರು ಹಿಂದೆ ಹೋಗಿ." ಯಾರೂ ಉತ್ತರ ಕೊಡಲಿಲ್ಲ. ಅಣ್ಣ ನನ್ನ ಸರದಿ ಎಂದ.

ನಾನು 10 ಅಡಿ ನಡೆದು ಓಗರ್‌ನ ಎದುರಿಗೇ ಹೋದೆ. ಮಿಸ್ಟಿ ಸ್ಟೆಪ್ ಹಾಕಿ ಅವನ ಬೆನ್ನ ಹಿಂದೆ, 30 ಅಡಿ ಆಚೆ ಕಾಣಿಸಿಕೊಂಡೆ. ಅವನ ಕೋಲು ಏಳುವಂತಿರಲಿಲ್ಲ, ನಾನು ಅವನ ಅಂಗಳವನ್ನು ಕಾಲಿನಿಂದ ದಾಟಲಿಲ್ಲವಲ್ಲ. ಇನ್ನೊಂದು 5 ಅಡಿ ನಡೆದು ಚೆನ್ನಯನ ಪಕ್ಕ ನಿಂತೆ. ನಾಲ್ಕನೇ ಮಟ್ಟದ ಡೈಮೆನ್ಶನ್ ಡೋರ್ ಕೈಯಲ್ಲಿತ್ತು, ಮುಖ್ಯ ಕ್ರಿಯೆಯೂ ಉಳಿದಿತ್ತು. ಆದರೆ ಆ ಸರದಿಯಲ್ಲಿ ಹಾಕುವ ಹಾಗಿಲ್ಲ. ಉಳಿದ ಕ್ರಿಯೆಯಲ್ಲಿ ನಾನು ಆರಿಸಿಕೊಂಡದ್ದು ಮೈ ತಪ್ಪಿಸಿಕೊಳ್ಳುತ್ತ ನಿಲ್ಲುವುದನ್ನು. ಅಂದರೆ ಒಂದು ಪೂರ್ತಿ ಸುತ್ತು, ಎಲ್ಲರ ಸರದಿಯೂ ಮುಗಿದು ನನ್ನದು ಮತ್ತೆ ಬರುವವರೆಗೆ, ನಾನು ಅವನ ಪಕ್ಕದಲ್ಲಿ ಇರಬೇಕು. ಅವನಿಗೆ ಬೀಳುವ ಪೆಟ್ಟು ನನಗೂ ಬೀಳಬಹುದು.

ಮುಂದಿನದು ಗೆಳತಿಯ ಸರದಿ. ಅವಳಿಗೆ ಹಿಂದೆ ಸರಿಯುವ ದಾರಿ ತೆರೆದೇ ಇತ್ತು. 15 ಅಡಿ ಮುಂದೆ ಬಂದು ಓಗರ್‌ನ ಅಂಗಳದೊಳಗೇ ನಿಂತಳು, ಅಲ್ಲಿಂದ ನನಗೆ ಸರಿಯಾಗಿ 30 ಅಡಿ. ಸ್ಯಾಂಕ್ಚುಯರಿ ಎಂಬ ಪುಟ್ಟ ಮಂತ್ರ ಹಾಕಿದಳು. ಅದರ ಕಾಪು ಇರುವವನನ್ನು ಹೊಡೆಯಹೋದವನು ಮೊದಲು ತನ್ನ ಮನೋಬಲದ ಪರೀಕ್ಷೆ ಗೆಲ್ಲಬೇಕು. ಕಾಪು ಹೊತ್ತವನು ಯಾರನ್ನೂ ಹೊಡೆಯಬಾರದು, ಶತ್ರುವಿಗೆ ತಗುಲುವ ಮಂತ್ರ ಹಾಕಬಾರದು. ನಾನು ಹಾಕಬೇಕಿದ್ದ ಡೈಮೆನ್ಶನ್ ಡೋರ್ ಶತ್ರುವನ್ನು ಮುಟ್ಟುವುದೇ ಇಲ್ಲ. ಅವಳು ಅದನ್ನು ಯೋಚಿಸಿಯೇ ಆರಿಸಿದ್ದಳು.

ಹೆಬ್ಬಾವಿನ ಸರದಿ. ಅಣ್ಣ ದಾಳ ಉರುಳಿಸಿದ, ಹಾವು ಪರೀಕ್ಷೆ ಗೆದ್ದು ನನ್ನನ್ನೇ ಕಚ್ಚಿತು. 11 ಗಾಯ. ಈಗ ಏಕಾಗ್ರತೆಯ ದಾಳ: 10 ಬರಬೇಕು. ನನಗೆ 9 ಬಿತ್ತು, ನನ್ನ ದೇಹದಾರ್ಢ್ಯಕ್ಕೆ ಸಿಗುವ 1 ಸೇರಿ 10. ಹೇಸ್ಟ್ ಉಳಿಯಿತು. ವಿಡಿಯೊದಲ್ಲಿ ಗೆಳತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಓಗರ್ ತಿರುಗಿ ನಮ್ಮ ಕಡೆ ಧಾವಿಸಿದ. ಅವನು ಹೊರಟದ್ದು ಸ್ವಂತ ಕಾಲಿನಿಂದ, ಆದ್ದರಿಂದ ಅವಳ ಗದೆ ಅವನ ಬೆನ್ನಿಗೆ ಒಂದು ಬಿಗಿಯಿತು. ಅವನು ನನ್ನ ಮೇಲೆ ಕೋಲೆತ್ತಿದ, ಮನೋಬಲದ ಪರೀಕ್ಷೆಯಲ್ಲಿ ಸೋತು ಕೈ ಇಳಿಸಿದ. ಚೆನ್ನಯ ಸುರುಳಿಯೊಳಗಿಂದಲೇ ಕತ್ತಿ ಬೀಸಿದ, ಒಂದು ತಗುಲಿತು.

ನನ್ನ ಸರದಿ ಮತ್ತೆ ಬಂತು. ಡೈಮೆನ್ಶನ್ ಡೋರ್‌ಗೆ 500 ಅಡಿ ಇದೆ. ಗುಡ್ಡದ ನೆತ್ತಿಗೆ, ಕಾಳಗದ ಸದ್ದೂ ಕೇಳಿಸದ ಕಡೆಗೆ ಇಬ್ಬರೂ ಹೋಗಬಹುದಿತ್ತು. ಹಾಗೆ ಹೋದರೆ ಗೆಳತಿ ಒಬ್ಬಳೇ. ನಾನು ಬಳಸಿದ್ದು ಸುಮಾರು 30 ಅಡಿ: ಅವಳ ಅಕ್ಕಪಕ್ಕದ ಎರಡು ಚೌಕ. ಹಾವಿನ ಕೈಗೆಟುಕುವ ಜಾಗದಿಂದ ಮಂತ್ರವೇ ಹೊರಗೆ ತಂದದ್ದರಿಂದ ಹಿಡಿತ ತಾನಾಗಿ ಕಳಚಿತು. ಹಾವೂ ಓಗರೂ ಆಚೆ, ನಾವು ಮೂವರು ಈಚೆ, ಚೆನ್ನಯನ ವೇಗ ಮತ್ತೆ 80. ಅವನ ಸರದಿ ಬಂದಾಗ ಡೊಂಬಿವಿಲಿಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಮೈಕು ಹಾಕಿ, ಕೆಮ್ಮಿನ ನಡುವೆಯೇ ಮಾತಾಡಿದ: "ಈಗ ನಾನು ಓಡುವುದಿಲ್ಲ. ಇಲ್ಲೇ ನಿಂತು ಹೊಡೆಯುತ್ತೇನೆ."

ಆ ಒಂದು ಸುತ್ತಿನ ಕಾಯುವಿಕೆಯನ್ನು ಹುಟ್ಟಿಸಿದ್ದು ಎಲ್ಲರೂ ಬೈಯುವ ಆ ನಿಯಮ. ಅದಿಲ್ಲದಿದ್ದರೆ ನಾನು ಹೋಗಿ, ಎತ್ತಿಕೊಂಡು, ಬಂದುಬಿಡುತ್ತಿದ್ದೆ. ಗೆಳತಿ ಮುಂದೆ ಬರಬೇಕಾಗಿರಲಿಲ್ಲ, ಯಾರ ಮಂತ್ರಕ್ಕೂ ಇನ್ನೊಬ್ಬರ ಮಂತ್ರದ ಅಗತ್ಯ ಬೀಳುತ್ತಿರಲಿಲ್ಲ. ಚಲನೆಯ ಮಂತ್ರಗಳ ಒಡನಾಟ ಎಂದರೆ ನನಗೆ ಇದೇ. ಅಡಿಗೆ ಅಡಿ ಕೂಡಿಸಿ 80, 160 ಎಂದು ಬೆಳೆಸುವ ಲೆಕ್ಕ ಒಬ್ಬನೇ ಕೂತು ಮಾಡಬಹುದಾದದ್ದು. ಕೊರತೆ ಬಿದ್ದಲ್ಲಿ ಯಾರ ಮಂತ್ರ ಯಾರಿಗೆ ಒದಗುತ್ತದೆ ಎಂಬುದು ಜನ ಸೇರಿದಾಗಲೇ ಹೊರಬರುವ ಲೆಕ್ಕ.

ಡೊಂಬಿವಿಲಿಯವನು ಗುಣವಾದ. ನಾವು ಮತ್ತೆ ಮುಖಾಮುಖಿ ಕೂತದ್ದು 2021ರ ಆಗಸ್ಟಿನ ನಂತರ, ಸಾಮಾನ್ಯರಿಗೆ ಮತ್ತೆ ಮುಚ್ಚಿದ್ದ ಲೋಕಲ್ ಎರಡು ಲಸಿಕೆ ಆದವರಿಗೆ ತೆರೆದ ಮೇಲೆ.

2024ರಲ್ಲಿ ಹೊಸ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಬಂತು. ಆ ನಿಯಮವನ್ನು ಅದರಲ್ಲಿ ಬದಲಿಸಿದ್ದಾರೆ. ಒಂದು ಸರದಿಯಲ್ಲಿ ಮಂತ್ರಶಕ್ತಿಯ ಒಂದು ಪಾಲನ್ನು ಮಾತ್ರ ಖರ್ಚು ಮಾಡಬಹುದು. ಪಾಲು ಖರ್ಚಾಗದೆ ಮಿಸ್ಟಿ ಸ್ಟೆಪ್ ಹಾಕುವ ವರ ಪಡೆದವನು ಅದೇ ಸರದಿಯಲ್ಲಿ ಡೈಮೆನ್ಶನ್ ಡೋರ್ ಕೂಡ ಹಾಕಬಹುದು. ಫೇ ಟಚ್ಡ್ ಎಂಬ ವರದಿಂದ ಇದು ದಿನಕ್ಕೊಮ್ಮೆ ಸಾಧ್ಯ. ನಿಯಮ ಸರಳವಾಗಿದೆ, ಗೊಂದಲ ಕಡಿಮೆಯಾಗಿದೆ, ಹೊಸಬರಿಗೆ ಹೇಳಿಕೊಡುವುದು ಸುಲಭ. ಅದನ್ನೆಲ್ಲ ನಾನು ಒಪ್ಪುತ್ತೇನೆ. ಆದರೂ ಮುಲುಂಡಿನಲ್ಲಿ ಅಣ್ಣ ಹೊಸ ಪುಸ್ತಕ ಬಿಚ್ಚಿ ಆ ಪುಟ ಓದಿದಾಗ, ಹಳೆಯದೇ ಇರಲಿ ಎಂದು ಮೊದಲು ಹೇಳಿದವನು ನಾನು. ಗೆಳತಿ ನನ್ನ ಪಕ್ಷ. ಅಣ್ಣನ ಮಗಳು ಈಗ ನಮ್ಮ ಜೊತೆ ಆಡುತ್ತಾಳೆ, ಕಾಲೇಜಿನ ಹುಡುಗಿ. ಅವಳಿಗೆ ಹೊಸದು ಬೇಕು. ಹೊಸದು ಬೇಕೆಂದು ಅವಳಿಗಿಂತ ಗಟ್ಟಿಯಾಗಿ ವಾದಿಸಿದವನು ಚೆನ್ನಯನನ್ನು ಆಡಿಸುವವನೇ. "ನನ್ನನ್ನು ಬಿಡಿಸುವುದಕ್ಕೆ ಬಂದವನು ಒಂದು ಸುತ್ತು ಹಾವಿನ ಬಾಯಲ್ಲಿ ನಿಲ್ಲಬೇಕು ಅನ್ನುವ ನಿಯಮ ನನಗೆ ಬೇಡ ಮಾರಾಯ. ಬಂದು, ಎತ್ತಿಕೊಂಡು, ಹೋಗುವ ಹಾಗಿರಲಿ" ಎಂದ. ಅಣ್ಣ ಇಬ್ಬರ ಮಾತನ್ನೂ ಕೇಳಿ, ಈಗ ನಡೆಯುತ್ತಿರುವ ಕಥೆ ಮುಗಿಯುವವರೆಗೆ ಹಳೆಯ ನಿಯಮ, ಮುಂದಿನ ಕಥೆಗೆ ಹೊಸದು ಎಂದು ತೀರ್ಪು ಕೊಟ್ಟ. ಈಗಿನ ಕಥೆಯಲ್ಲಿ ನಾವು ಇನ್ನೂ ನದಿಯನ್ನೇ ದಾಟಿಲ್ಲ.